ಬೋರಲು ಮಲಗಿದ ಅತ್ತೆಗೆ, ಎದ್ದು ಕೂತ ಯಂತ್ರದ ಸಮಾಚಾರ

ಪ್ರೀತಿಯ ಅತ್ತೆಯವರಿಗೆ,

ಸಮಸ್ತ ಜಗತ್ತಿಗೂ, ಅದರೊಳಗಿನ ಸಕಲ ಗಣ್ಯರಿಗೂ, ವಿಶೇಷವಾಗಿ ಕಣ್ಣಾಸ್ಪತ್ರೆಯ ಎರಡನೇ ಮಹಡಿಯಲ್ಲಿ ನೆಲಕ್ಕೆ ಮುಖ ಮಾಡಿ ಮಲಗಿರುವ ತಮಗೂ ಈ ಮೂಲಕ ಸಾರಿ ಹೇಳುವುದೇನೆಂದರೆ: ನಮ್ಮ ಊಟದ ಕೋಣೆಯ ಮೂಲೆಯಲ್ಲಿ, ಕಪ್ಪು ಪರದೆಯ ಎಡತುದಿಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಬಿಳಿ ಗೆರೆಯೊಂದು ಮಿಣುಕುತ್ತಿದೆ. ಹೌದು, ಮಿಣುಕುತ್ತಿದೆ. ಈ ಶುಭ ಸಮಾಚಾರವನ್ನು ಬೀದಿಯಲ್ಲಿ ಡಂಗುರ ಹೊಡೆಸಿ ಹೇಳಿಸುವ ಮನಸ್ಸಿತ್ತು. ಕೆಳಮನೆಯವರು ಮಧ್ಯಾಹ್ನ ನಿದ್ದೆ ಮಾಡುತ್ತಾರೆಂದು ಸುಮ್ಮನಾದೆ.

ನಾಳೆ ನೀವು ಮನೆಗೆ ಬರುತ್ತೀರಿ. ಬಂದವರು ಕೈಕಾಲು ತೊಳೆಯುವ ಮೊದಲೇ ಯಂತ್ರದ ಮುಂದೆ ಕೂರುತ್ತೀರೆಂಬುದು ನನಗೆ ಗೊತ್ತು. ಹೆಸರು, ಪಾಸ್‌ವರ್ಡ್ ಒತ್ತಿ ಒಳಗೆ ಹೋದ ಕೂಡಲೇ ಅದು ‘ನಿಮಗೊಂದು ಪತ್ರ ಬಂದಿದೆ’ ಎನ್ನುತ್ತದೆ. ಇದೇ ಆ ಪತ್ರ. ಒಂದೇ ಮನೆಯಲ್ಲಿ ಒಂದೇ ಕೊಡೆ ಹಿಡಿದು ಬದುಕುವ ಇಬ್ಬರು ಹೀಗೆ ಪತ್ರ ಬರೆದುಕೊಳ್ಳುವುದು ಯಾರಿಗಾದರೂ ಅತಿರೇಕವೆನಿಸಬಹುದು. ಆದರೆ ಯಂತ್ರದೊಳಗೆ ಇಂಥದೊಂದು ಅಂಚೆಪೆಟ್ಟಿಗೆ ಇದೆ ಎಂದು ತೋರಿಸಿದವರು ನೀವೇ. ಈ ಯಂತ್ರ ಒಬ್ಬರದಲ್ಲ, ಒಂದು ಛತ್ರದ ಹಾಗೆ, ಒಳಗಿರುವವರು ಒಬ್ಬರಿಗೊಬ್ಬರು ಚೀಟಿ ಬರೆಯಬಹುದು ಎಂದಿದ್ದಿರಿ. ಛತ್ರದಲ್ಲಿ ನೀವೊಬ್ಬರೇ ಇದ್ದುದರಿಂದ ಪೆಟ್ಟಿಗೆಗೆ ಇದುವರೆಗೆ ಒಂದು ಚೀಟಿಯೂ ಬಿದ್ದಿರಲಿಲ್ಲ. ಅಕ್ಷರಗಳನ್ನು ಅಂಗಡಿ ಬೋರ್ಡಿನಷ್ಟು ದಪ್ಪ ಮಾಡಿಟ್ಟಿದ್ದೇನೆ. ಆಪರೇಷನ್ ಆಗದ ಕಣ್ಣಿನಲ್ಲಿ ಓದಿ. ಆಗಿರುವ ಕಣ್ಣಿಗೆ ರಜೆ ಕೊಡಿ.

ನಡೆದದ್ದೆಲ್ಲ ನಿಮಗೆ ಗೊತ್ತಿದೆ, ನಿಜ. ಆದರೆ ನಿಮಗೆ ಗೊತ್ತಿರುವುದು ಬರೀ ಧ್ವನಿ. ನೀವು ರೇಡಿಯೊ ನಾಟಕ ಕೇಳಿದಿರಿ, ನಾನು ರಂಗದ ಮೇಲೆ ಬೆವರುತ್ತಿದ್ದೆ. ನೀವು ನೋಡುತ್ತಿದ್ದದ್ದು ಆಸ್ಪತ್ರೆಯ ನೆಲದ ಟೈಲ್ಸು. ಹಾಗಾಗಿ ನೀವು ಕಾಣದ ದೃಶ್ಯಗಳನ್ನು ಬರೆದು ಒಪ್ಪಿಸುವುದು ಸೊಸೆಯಾಗಿ ನನ್ನ ಧರ್ಮ. ವಾರಕ್ಕೊಂದು ನಗೆಬರಹ ಬರೆದು ಪತ್ರಿಕೆಗೆ ಕಳಿಸುವವಳಾಗಿ ನನ್ನ ಚಟವೂ ಹೌದು.

ನಾನು ಈ ಮನೆಗೆ ಬಂದಾಗ ನೀವು ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ಮುಂದೆ ಕೂರುತ್ತಿದ್ದಿರಿ. ಆಮೇಲೆ ಲೋಕಕ್ಕೆ ತಂತಿ ಬೇಡವಾಯಿತು. ಕಚೇರಿ ಮುಚ್ಚಿದರು, ನಿಮಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ನೀವು ಕೆಲಸ ಬಿಟ್ಟರೂ ನಿಮ್ಮ ಬೆರಳುಗಳು ಬಿಡಲಿಲ್ಲ. ಊಟಕ್ಕೆ ಕೂತಾಗ ಯಾರು ಏನು ಮಾತಾಡಿದರೂ ಅದನ್ನು ಟಪಟಪನೆ ಮೇಜಿನ ಮೇಲೆ ಹೊಡೆದು ಯಾರಿಗೋ ಕಳಿಸುತ್ತಿದ್ದವು. ನಾನೂ ನಿಮ್ಮ ಮಗನೂ ಜಗಳವಾಡಿದರೆ ಇಡೀ ಜಗಳ, ಅಲ್ಪವಿರಾಮ ಸಹಿತ, ಮೇಜಿನ ಮರಕ್ಕೆ ರವಾನೆಯಾಗುತ್ತಿತ್ತು. ನನಗೆ ನಗು ಬರುತ್ತಿತ್ತು. ಒಂದು ದಿನ ನೋಡಿದೆ, ನೀವು ಒಬ್ಬರೇ ಕೂತಿದ್ದಿರಿ, ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಬೆರಳು ಮಾತ್ರ ಓಡುತ್ತಿತ್ತು. ಅಂದು ನಗು ಬರಲಿಲ್ಲ.

ಅದೇ ಸಮಯಕ್ಕೆ ನಿಮ್ಮ ಮಗ ತಮ್ಮ ಹಲ್ಲಿನ ಕ್ಲಿನಿಕ್ಕಿಗೆ ಹೊಸ ಕಂಪ್ಯೂಟರ್ ತಂದು, ಹಳೆಯದನ್ನು ಗುಜರಿಗೆ ಕೊಡಲು ಮನೆಬಾಗಿಲಲ್ಲಿ ಇಳಿಸಿದರು. “ಒಂದು ದಿನ ಇಟ್ಟಿರು” ಎಂದಿರಿ. ಆ ಒಂದು ದಿನ ಇನ್ನೂ ಮುಗಿದಿಲ್ಲ. ಕೀಲಿಮಣೆ ಸಿಕ್ಕಿದ್ದೇ ತಡ, ಹಳ್ಳಕ್ಕೆ ಬಿಟ್ಟ ಮೀನಾದಿರಿ. ಯಂತ್ರದೊಳಗೆ ಕೂತು ಅದನ್ನು ಆಳುವ ವ್ಯವಸ್ಥೆಯೊಂದು ಇರುತ್ತದೆ, ಅದನ್ನೇ ಕಿತ್ತು ಬೇರೆಯದನ್ನು ಕೂರಿಸಬಹುದು ಎಂದು ಎಲ್ಲಿ ಓದಿದಿರೋ. ಮೊದಲು ಒಂದು ಬಗೆಯ ಲಿನಕ್ಸ್ ಬಂತು. ಅದು ಹೋಗಿ ಇನ್ನೊಂದು ಬಗೆಯ ಲಿನಕ್ಸ್ ಬಂತು. ಅದರ ತಂಗಿ ಬಂದಳು, ಚಿಕ್ಕಮ್ಮ ಬಂದಳು. ಬೇರೆ ಮನೆಗಳಲ್ಲಿ ಕಿಟಕಿ ಪರದೆ ಬದಲಾಯಿಸುತ್ತಾರೆ. ನಮ್ಮಲ್ಲಿ ಕಿಟಕಿಯನ್ನೇ ಕಿತ್ತು ಇನ್ನೊಂದು ಗೋಡೆಗೆ ಇಡುತ್ತಿದ್ದಿರಿ.

“ಈಗಿರೋದು ಕೆಟ್ಟಿದೆಯಾ ಅತ್ತೆ?” ಎಂದು ಒಮ್ಮೆ ಕೇಳಿದ್ದೆ.

“ಇಲ್ಲ, ಚೆನ್ನಾಗಿದೆ. ಅದಕ್ಕೇ ಬೇಜಾರು” ಎಂದಿದ್ದಿರಿ.

ನಿಮ್ಮ ಮಗನಿಗೆ ಇದು ಅರ್ಥವಾಗಲೇ ಇಲ್ಲ. “ಅದ್ರಲ್ಲಿ ಏನು ಮಾಡ್ತೀಯಮ್ಮಾ?” ಎಂದು ಕೇಳಿದರೆ “ಅದನ್ನೇ ಮಾಡ್ತೀನಿ” ಎನ್ನುತ್ತಿದ್ದಿರಿ. “ಅದನ್ನೇ ಅಂದ್ರೆ?” ಎಂದರೆ “ಅದನ್ನೇ ಕಣೋ” ಎಂಬ ಉತ್ತರ. ಕೆಡಿಸುವುದು, ಕೆಟ್ಟದ್ದನ್ನು ಎಬ್ಬಿಸುವುದು, ಎದ್ದದ್ದನ್ನು ನೋಡಿ ಕಾಫಿ ಕುಡಿಯುವುದು. ಇಷ್ಟೇ ವ್ಯವಹಾರ. ಆದರೆ ಮೇಜಿನ ಮೇಲಿನ ಟಪಟಪ ನಿಂತಿತ್ತು ಅತ್ತೆ. ಅದನ್ನು ಗಮನಿಸಿದ್ದು ನಾನೊಬ್ಬಳೇ ಇರಬೇಕು.

ಈ ವರ್ಷ ತಮ್ಮ ದೃಷ್ಟಿ ಬಿಎಸ್‌ಡಿ ಎಂಬ ವ್ಯವಸ್ಥೆಯ ಮೇಲೆ ಬಿತ್ತು. ಅಂದು ತರಕಾರಿ ಹೆಚ್ಚುತ್ತಾ ನನಗೆ ವಂಶಾವಳಿ ಹೇಳಿದಿರಿ. ಯುನಿಕ್ಸ್ ಅಂತ ಒಬ್ಬ ಅಜ್ಜ. ಬಿಎಸ್‌ಡಿ ಆ ಮನೆಯಲ್ಲೇ ಹುಟ್ಟಿ ಬೆಳೆದ ಕುಡಿ. ಲಿನಕ್ಸ್ ಆ ಮನೆಯಲ್ಲಿ ಹುಟ್ಟಿದ್ದಲ್ಲ. ಬೇರೆ ಕಡೆಯಿಂದ ಬಂದು, ಮನೆಯ ನಡೆನುಡಿ ನೋಡಿ ಕಲಿತು, ಈಗ ಮನೆಯವರಿಗಿಂತ ಜೋರಾಗಿ ಮನೆ ನಡೆಸುತ್ತಿದೆ. “ಸೊಸೆ ಅನ್ನಿ” ಎಂದೆ. “ನಾನು ಹೇಳಲಿಲ್ಲ, ನೀನೇ ಅಂದಿದ್ದು” ಎಂದಿರಿ. ಇಬ್ಬರ ಮಾತೂ ಒಂದೇ ಥರ ಕೇಳಿಸುತ್ತದಂತೆ, ಆದರೆ ನಡತೆ ಬೇರೆಯಂತೆ. ಲಿನಕ್ಸಿಗೆ ಕೆಲಸ ಹೇಳಿ ಆಮೇಲೆ ಷರತ್ತು ಸೇರಿಸಿದರೂ ಹೊಂದಿಕೊಂಡು ಹೋಗುತ್ತದೆ. ಬಿಎಸ್‌ಡಿಗೆ ಷರತ್ತನ್ನು ಮೊದಲೇ ಹೇಳಬೇಕು, ಮದುವೆ ಮಾತುಕತೆಯ ಹಾಗೆ. ಒಂದು ತನ್ನ ಡಿಸ್ಕನ್ನು ಒಂದು ಹೆಸರಿನಿಂದ ಕರೆದರೆ ಇನ್ನೊಂದು ಅದೇ ಡಿಸ್ಕನ್ನು ಇನ್ನೊಂದು ಹೆಸರಿನಿಂದ ಕರೆಯುತ್ತದೆ. ನಾನು ತಲೆದೂಗಿದೆ. ಬದನೆಕಾಯಿ ಸಣ್ಣಗೆ ಹೆಚ್ಚಿದ್ದು ಬಿಟ್ಟರೆ ಅಂದು ನನ್ನ ತಲೆಯೊಳಗೆ ಏನೂ ಹೋಗಲಿಲ್ಲ.

ನೀವು ಬಿಎಸ್‌ಡಿಯನ್ನು ಲಿನಕ್ಸಿನ ಪಕ್ಕದಲ್ಲೇ ಕೂರಿಸಿದಿರಿ. ಬಿಎಸ್‌ಡಿ ಎಂಬ ಹೊಸ ಮನೆಗೆ ಇನ್ನೂ ಕಿಟಕಿ ಬಾಗಿಲು ಕೂತಿರಲಿಲ್ಲ, ಸಾಮಾನೆಲ್ಲ ಲಿನಕ್ಸ್ ಎಂಬ ಹಳೆ ಮನೆಯಲ್ಲೇ ಇತ್ತು. ಆಗಲೇ ಆ ಬೆಳಿಗ್ಗೆ ಬಂತು. ಎಡಗಣ್ಣಿನ ಮೂಲೆಯಲ್ಲಿ ಕಪ್ಪು ಸೆರಗು ಇಳಿಬಿದ್ದ ಹಾಗೆ ಕಾಣ್ತಿದೆ ಎಂದಿರಿ. ಕಣ್ಣಿನ ಹಿಂದಿನ ಪರದೆ ಗೋಡೆಯಿಂದ ಕಳಚಿಕೊಂಡಿದೆ, ತಕ್ಷಣ ಅಂಟಿಸಬೇಕು, ಅಂಟಿಸಿ ಒಳಗೊಂದು ಗಾಳಿಗುಳ್ಳೆ ಬಿಡುತ್ತೇವೆ, ಗುಳ್ಳೆ ಮೇಲಕ್ಕೆ ಒತ್ತಬೇಕಾದರೆ ನೀವು ಬೋರಲು ಮಲಗಿರಬೇಕು, ಒಂದೆರಡು ದಿನವಲ್ಲ, ವಾರಗಟ್ಟಲೆ ಎಂದರು ಡಾಕ್ಟರು. ನೀವು ಕೇಳಿದ ಒಂದೇ ಪ್ರಶ್ನೆ: “ಕೈ ಆಡಿಸಬಹುದಾ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಮ್ಮ ಮಗ ನೇರವಾಗಿ ಯಂತ್ರದ ಮೇಲೆ ಬಿದ್ದರು. ಕಪ್ಪು ಪರದೆ ನೋಡಿ ನೋಡಿಯೇ ಹೀಗಾಯಿತು ಎಂದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದ್ದು ಆ ಕಿವಿಯ ಹತ್ತಿರಕ್ಕೂ ಸುಳಿಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಹೆದರಿದಾಗ ನಿಮ್ಮ ಮಗ ಯಾವುದಾದರೂ ವಸ್ತುವನ್ನು ಮನೆಯಿಂದ ಹೊರಹಾಕುತ್ತಾರೆ. ನನಗೆ ಜ್ವರ ಬಂದಾಗ ದಿಂಬು ಎಸೆದಿದ್ದರು. ಈ ಸಲ ಯಂತ್ರ ಗುಜರಿಗೆ, ಅಮ್ಮನಿಗೆ ಬೆರಳಲ್ಲಿ ಮುಟ್ಟಿದರೆ ಸಾಕಾಗುವ ಒಂದು ಹಲಗೆಯಂಥ ಟ್ಯಾಬ್ಲೆಟ್ ಎಂದು ತೀರ್ಮಾನಿಸಿದರು. ಅದನ್ನು ಕೆಡಿಸೋಕೇ ಬರಲ್ಲಮ್ಮ ಎಂದು ಹೆಮ್ಮೆಯಿಂದ ಹೇಳಿದರು. ಆಗ ನಿಮ್ಮ ಮುಖ ನಾನು ನೋಡಿದೆ. ಹಕ್ಕಿಗೆ ಬಂಗಾರದ ಪಂಜರ ತೋರಿಸಿದ ಹಾಗಿತ್ತು.

ಆಸ್ಪತ್ರೆಗೆ ಹೊರಡುವ ದಿನ ಕಾರು ಬಾಗಿಲಲ್ಲಿ ನಿಂತಿತ್ತು. ಸುಮ್ಮನೆ ಒಮ್ಮೆ ನೋಡಿ ಹೋಗ್ತೀನಿ ಎಂದು ನೀವು ಯಂತ್ರದ ಗುಂಡಿ ಒತ್ತಿದಿರಿ. ಅದು ಒಂದಷ್ಟು ಸಾಲು ಉಗುಳಿತು, ಯಾವುದಕ್ಕೋ ಕಾಯುತ್ತಿದ್ದೇನೆ ಎಂದಿತು, ಕಾದು ಕಾದು ಕೊನೆಗೆ ತುರ್ತು ಪರಿಸ್ಥಿತಿ ಘೋಷಿಸಿ ಕೂತುಬಿಟ್ಟಿತು. ನಿಮ್ಮ ಮಗ ಕಾರಿನ ಕೀಲಿ ಆಡಿಸುತ್ತಾ ಅದನ್ನೇ ನೋಡುತ್ತಿದ್ದರು. “ನೋಡಿದ್ಯಾ?” ಎಂದರು ಅಷ್ಟೆ. ನೀವು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದು ಹೀಗೆ: “ಸರಿನಪ್ಪ. ನಾನು ಮನೆಗೆ ಬರೋಷ್ಟರಲ್ಲಿ ಅದು ಎದ್ದಿರದಿದ್ರೆ ನಿನ್ನಿಷ್ಟ ಬಂದಹಾಗೆ ಮಾಡು. ನಾನು ಚಕಾರ ಎತ್ತಲ್ಲ.” ನಂತರ ನನ್ನ ಕಡೆ ತಿರುಗಿ ಒಂದು ನೋಟ ನೋಡಿದಿರಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬಂಥ ನೋಟ.

ಹೀಗೆ ಫೋನಿನಲ್ಲಿ ಕ್ಷಣಕ್ಷಣಕ್ಕೆ “ಪದಗಳ ನಡುವೆ ಜಾಗ ಬಿಡು” ಎನ್ನಿಸಿಕೊಳ್ಳುವ ಯೋಗ ನನ್ನ ಪಾಲಿಗೆ ಬಂತು. ದೃಶ್ಯ ಊಹಿಸಿಕೊಳ್ಳಿ. ಕೀಲಿಮಣೆಯ ಮುಂದೆ ನಾನು, ಹೆಗಲಿಗೂ ಕಿವಿಗೂ ನಡುವೆ ಫೋನು. ಅತ್ತ ಕಡೆ ಮಂಚದ ತೂತಿನಲ್ಲಿ ಮುಖ ಇಟ್ಟು ಮಲಗಿದ ನೀವು, ನಿಮ್ಮ ಮೂಗಿನ ಕೆಳಗೆ ನೆಲದ ಮೇಲೆ ಫೋನು. ಪಕ್ಕದ ಮಂಚದಲ್ಲಿ ನಿಮ್ಮ ಹಾಗೆಯೇ ಬೋರಲು ಬಿದ್ದಿದ್ದ ನಿವೃತ್ತ ಭೂಗೋಳದ ಟೀಚರು. ಮೊದಲಿಗೆ ಯಂತ್ರ ಪಾಸ್‌ವರ್ಡ್ ಕೇಳಿತು. ನೀವು ಟೀಚರಿಗೆ ಕಿವಿ ಮುಚ್ಚಿಕೊಳ್ಳಲು ಹೇಳಿದಿರಿ. ಆಕೆ “ಮುಚ್ಚಿದೀನಿ, ಹೇಳಿ” ಎಂದದ್ದು ಇಲ್ಲಿಯವರೆಗೂ ಸ್ಪಷ್ಟವಾಗಿ ಕೇಳಿಸಿತು.

“ಅತ್ತೆ, ಒತ್ತಿದ್ದು ಏನೂ ಕಾಣಿಸ್ತಿಲ್ಲ.”

“ಕಾಣಿಸಬಾರದು. ಒತ್ತು.”

“ಒತ್ತಿದೆ. ಒಳಗೆ ಬಿಟ್ತು!”

“ಕುಣೀಬೇಡ. ಇನ್ನೂ ಹೊಸಿಲಲ್ಲೇ ಇದ್ದೀಯ.”

ಮನೆಯೊಳಗಿನ ಸಾಮಾನು ಮುಟ್ಟಲು ಅನುಮತಿ ಬೇಕು ಎಂದು ಒಂದು ಆಜ್ಞೆ ಹೇಳಿದಿರಿ. ಅದರಲ್ಲಿ ನಾನು ಬಿಡಬಾರದ ಕಡೆ ಜಾಗ ಬಿಟ್ಟೆ, ಬಿಡಬೇಕಾದ ಕಡೆ ಬಿಡಲಿಲ್ಲ. “ಕಪಾಟಿನಲ್ಲಿ ಬೆರಳಾಡಿಸೋಕೆ ಜಾಗ ಬಿಡದ ಹಾಗೆ ಡಬ್ಬಿ ತುರುಕ್ತೀಯಲ್ಲ, ಅದೇ ಕೈ” ಎಂದಿರಿ. ಟೀಚರು ನಕ್ಕದ್ದು ಕೇಳಿಸಿತು. ಕಣ್ಣಿಗೆ ಪಟ್ಟಿ ಬಿದ್ದ ಮೇಲೂ ನನ್ನ ಕಪಾಟಿನ ಮೇಲೆ ಕಣ್ಣಿಟ್ಟ ನಿಮಗೆ ನಮಸ್ಕಾರ.

ಮುಂದಿನದು ನಾನು ಸಾಯುವ ತನಕ ಮರೆಯಲಾರೆ. ಯಾವ ಯಾವ ಡಿಸ್ಕನ್ನು ಎಲ್ಲೆಲ್ಲಿ ಜೋಡಿಸಬೇಕು ಎಂದು ಬರೆದಿಟ್ಟ ಕಡತವೊಂದಿದೆ, ಎದ್ದೇಳುವಾಗ ಯಂತ್ರ ಅದನ್ನೇ ಓದುತ್ತದೆ, ಅದನ್ನು ತೆರೆಯಬೇಕು ಎಂದಿರಿ. ತಿದ್ದಲು ಬಣ್ಣಬಣ್ಣದ ಸಾಧನಗಳಿದ್ದರೂ ನೀವು ಹೇಳಿದ್ದು ಎರಡಕ್ಷರದ ಒಂದು ಮುದಿ ಸಾಧನ, ‘ಇಡಿ’ ಅಂತೆ ಅದರ ಹೆಸರು. ಪರದೆಗಳೇ ಇಲ್ಲದ, ಕಾಗದದ ಮೇಲೆ ಸಾಲು ಸಾಲಾಗಿ ಅಚ್ಚಾಗುತ್ತಿದ್ದ ಕಾಲದ್ದು. ನಿಮ್ಮ ಟೆಲಿಪ್ರಿಂಟರಿನ ಸೋದರಸಂಬಂಧಿ ಎನ್ನಿ. ಸಾಲಿನ ಸಂಖ್ಯೆ ಹೇಳಿ ಕರೆದರೆ ಆ ಸಾಲು ಬಂದು ನಿಲ್ಲುತ್ತದೆ. ಕಣ್ಣೇ ಬೇಡ, ಕಿವಿಯಿದ್ದರೆ ಸಾಕು. ಮುಖ ಕೆಳಗೆ ಮಾಡಿ ಮಲಗಿದವರಿಗೆಂದೇ ಯಾರೋ ಪುಣ್ಯಾತ್ಮರು ಮಾಡಿಟ್ಟಂತಿತ್ತು.

ತೆರೆದೆ. ಒಂದು ಸಂಖ್ಯೆ ತೋರಿಸಿ ಮೌನವಾಯಿತು. “ಅದು ಕಡತದಲ್ಲಿರೋ ಅಕ್ಷರಗಳ ಲೆಕ್ಕ, ನೆನಪಿಟ್ಕೋ” ಎಂದಿರಿ. ಸಾಲುಗಳನ್ನು ತೋರಿಸಲು ಹೇಳಿದಿರಿ. ನನ್ನ ಕಿರುಬೆರಳು ಎಲ್ಲಿ ತಗುಲಿತೋ, ದೊಡ್ಡಕ್ಷರದ ಗುಂಡಿ ಒತ್ತಿಹೋಗಿತ್ತು. ಒತ್ತಿದೆ. ಪರದೆಯ ಮೇಲೆ ಬಂದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ.

“ಅತ್ತೆ, ಬರೀ ಪ್ರಶ್ನೆ ಗುರುತು ಹಾಕ್ತಿದೆ.”

“ಏನೋ ತಪ್ಪು ಒತ್ತಿದ್ದೀಯ.”

“ಏನು ತಪ್ಪು?”

“ಅದು ಹೇಳಲ್ಲ.”

“ನಿಮ್ಮ ಮಗನ ಹಾಗೆ.”

“ಅವನಿಗೆ ಅದು ನನ್ನಿಂದ ಬಂದಿದ್ದು. ದೊಡ್ಡಕ್ಷರದಲ್ಲಿ ಕಿರುಚ್ತಿದ್ದೀಯಾ ನೋಡು.”

ಕಿರುಚುವುದು ಬಿಟ್ಟೆ. ಸಾಲುಗಳು ಬಂದವು. ಒಂದೊಂದಾಗಿ ಓದಿದೆ, ಪ್ರತಿ ಓರೆಗೆರೆ, ಪ್ರತಿ ಸೊನ್ನೆ ಸಮೇತ. ನೀವು ಪ್ರತಿ ಸಾಲಿಗೂ “ಹೂಂ” ಎನ್ನುತ್ತಿದ್ದಿರಿ, ಕತೆ ಕೇಳುವವರ ಹಾಗೆ. ಕೊನೆಯ ಸಾಲು ಓದಿದೆ: ಎ, ಡಿ, ಎ, ಸೊನ್ನೆ, ಪಿ, ಮೂರು. “ಹೂಂ” ಬರಲಿಲ್ಲ.

“ಇನ್ನೊಂದ್ಸಲ ಓದು.”

ಓದಿದೆ. ಸಂಪರ್ಕ ಕಡಿದುಹೋಯಿತು ಎಂದುಕೊಂಡೆ. ಅತ್ತೆ, ಆ ಸಾಲು ಬರೆದವರು ನೀವೇ ತಾನೇ. ತಪ್ಪು ಯಂತ್ರದ್ದಲ್ಲ, ನಿಮ್ಮದೇ ಎಂದು ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. ‘ಅಮ್ಮನಿಗೆ ಇನ್ನು ಇದೆಲ್ಲ ಆಗಲ್ಲ’ ಎಂಬ ನಿಮ್ಮ ಮಗನ ಮಾತಿಗೆ ನಾವೇ ಸಾಕ್ಷಿ ಹುಡುಕಿಕೊಟ್ಟಂತಾಯಿತೇ ಎಂದುಕೊಂಡೆ. ಇದನ್ನು ಯಾರಿಗೂ ಹೇಳದೆ ಮುಚ್ಚಿಬಿಡೋಣ ಎಂದು ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ನೀವು ನಗಲು ಶುರು ಮಾಡಿದಿರಿ. ಮಂಚ ಕಿರುಗುಟ್ಟುವಷ್ಟು ನಗು. “ಅಯ್ಯೋ, ಅಲ್ಲಾಡಬೇಡಿ, ಗುಳ್ಳೆ ಅಲ್ಲಾಡುತ್ತೆ” ಎಂದು ನರ್ಸು ಓಡಿಬಂದದ್ದು ಕೇಳಿಸಿತು. “ಗುಳ್ಳೆನೂ ನಗ್ಲಿ ಬಿಡಮ್ಮ” ಎಂದಿರಿ ಆಕೆಗೆ. ಆಮೇಲೆ ನನಗೆ ವಿವರಿಸಿದಿರಿ. ಎರಡು ಮನೆಗೂ ಉಪಯೋಗಕ್ಕೆ ಬರಲೆಂದು ಡಿಸ್ಕಿನಲ್ಲಿ ಒಂದು ಭಾಗ ಮಾಡಿ, ಅದರ ವಿಳಾಸವನ್ನು ಎರಡು ವ್ಯವಸ್ಥೆಗಳ ಕಡತಕ್ಕೂ ಬರೆದಿದ್ದಿರಿ. ಲಿನಕ್ಸಿನ ಕಡತದಲ್ಲಿ ಬರೆಯುವಾಗ ಬಿಎಸ್‌ಡಿ ಕರೆಯುವ ಹೆಸರನ್ನೇ ಬರೆದುಬಿಟ್ಟಿದ್ದಿರಿ. ಪಾಪ, ಲಿನಕ್ಸು ಇಲ್ಲದ ಹೆಸರಿನವರಿಗಾಗಿ ಬಾಗಿಲಲ್ಲಿ ನಿಂತು ಕಾದಿದೆ, ಬರಲಿಲ್ಲವೆಂದು ಗಾಬರಿಯಾಗಿ ನೆಲಕ್ಕೆ ಕೂತಿದೆ. “ಕೈ ಆಗಲೇ ಹೊಸ ಮನೆ ಸೇರಿಬಿಟ್ಟಿದೆ ಕಣೇ, ತಲೆ ಇನ್ನೂ ಹಳೆ ಮನೇಲಿ ಪಾತ್ರೆ ಕಟ್ತಾ ಕೂತಿದೆ” ಎಂದಿರಿ.

ಆ ಸಾಲು ತಿದ್ದಿದೆವು. ಎ ಡಿ ಎ ಸೊನ್ನೆ ಪಿ ಮೂರು ಹೋಗಿ ಎಸ್ ಡಿ ಎ ಮೂರು ಬಂತು. ಉಳಿಸಿದಾಗ ಮತ್ತೊಂದು ಸಂಖ್ಯೆ ತೋರಿಸಿತು. “ಮೊದಲಿಗಿಂತ ಎಷ್ಟು ಕಮ್ಮಿ?” ಎಂದಿರಿ. ಎರಡು ಕಮ್ಮಿ ಎಂದೆ. “ಆರಕ್ಷರ ಹೋಗಿ ನಾಲ್ಕು ಬಂದಿದೆ. ಸರಿಯಾಗಿದೆ, ಹೊರಗೆ ಬಾ” ಎಂದಿರಿ. ನಾನು ಬರೆದದ್ದನ್ನು ಒಂದಿಷ್ಟೂ ನೋಡದೆ, ನೆಲ ನೋಡುತ್ತಾ, ಕೂಡಿ ಕಳೆದು ಪರೀಕ್ಷೆ ಮಾಡಿದಿರಲ್ಲ, ನನ್ನ ಹದಿನಾರು ವರ್ಷದ ಅಂಕಣವನ್ನು ತಿದ್ದುವ ಸಂಪಾದಕರಿಗೂ ಇಷ್ಟು ನಿಗಾ ಇಲ್ಲ.

ಯಂತ್ರವನ್ನು ಮತ್ತೆ ಎಬ್ಬಿಸಿದೆ. ಸಾಲುಗಳು ಓಡಿದವು. ಹೋದ ಸಲ ನಿಂತ ಕಡೆಗೆ ಯಂತ್ರ ಬಂತು. ಅದು ನಿಲ್ಲಲಿಲ್ಲ. ಹಾಗೇ ದಾಟಿಕೊಂಡು ಹೋಗಿ ‘ಯಾರು ನೀವು?’ ಎಂದು ಹೆಸರು ಕೇಳಿತು. ನಾನು “ಎದ್ದಿತು!” ಎಂದು ಕೂಗಿದೆ. ಅಲ್ಲಿ ಭೂಗೋಳದ ಟೀಚರು ಚಪ್ಪಾಳೆ ತಟ್ಟಿದರಂತೆ, ಬೋರಲು ಮಲಗಿದವರು ಹೇಗೆ ತಟ್ಟಿದರೋ ಆ ದೇವರಿಗೇ ಗೊತ್ತು.

ಸಂಜೆ ನಿಮ್ಮ ಮಗ ಬಂದರು, ಕೈಯಲ್ಲಿ ಆ ಹೊಸ ಹಲಗೆಯ ಪೆಟ್ಟಿಗೆ. ಮೂಲೆಯ ಪರದೆ ನೋಡಿದರು, ನನ್ನ ಮುಖ ನೋಡಿದರು. “ಏನಾಗಿತ್ತಂತೆ?” ಎಂದರು. ನಾನು ಸುಳ್ಳು ಹೊಸೆಯುವ ಮೊದಲೇ, ಮೇಜಿನ ಮೇಲೆ ತೆರೆದೇ ಇದ್ದ ಫೋನಿನಿಂದ ನೀವು “ನಾನೇ ತಪ್ಪು ಹೆಸರು ಬರೆದಿದ್ದೆ ಕಣೋ” ಎಂದುಬಿಟ್ಟಿರಿ. ಅವರ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ ಅತ್ತೆ, ಇದು ನಿಮಗೆ ಗೊತ್ತಿರಲಿ. ಅಳುಕು ಇತ್ತು. ಮೆಲ್ಲಗೆ, “ಅದೇ ನಾನು ಹೇಳೋದಮ್ಮ. ವಯಸ್ಸಾಯ್ತು, ಮರೆವು ಬರುತ್ತೆ” ಎಂದರು.

ಅದಕ್ಕೆ ನೀವು ಹೇಳಿದ್ದನ್ನು ನಾನು ಹಾಗೆಯೇ ಬರೆದಿಡುತ್ತೇನೆ: “ವಯಸ್ಸಾದವರು ಏನು ಮರೀತಾರೆ ಹೇಳು? ಹೊಸದು ಮರೀತಾರೆ. ಹಳೇದು ಮಾತ್ರ ಬಾಯಿಪಾಠ ಇರುತ್ತೆ. ನಾನು ಹೊಸ ಮನೆ ಹೆಸರು ಬರೆದು ಹಳೇ ಮನೆ ಹೆಸರು ಮರೆತಿದ್ದೀನಿ. ಇದು ಮುದುಕಿ ಮಾಡೋ ತಪ್ಪಲ್ಲಪ್ಪ, ಹೊಸದಾಗಿ ಮದುವೆಯಾದ ಹುಡುಗಿ ಮಾಡೋ ತಪ್ಪು.”

ನಿಮ್ಮ ಮಗ ಬಾಯಿ ತೆರೆದರು, ಮುಚ್ಚಿದರು. ರೋಗಿಗಳ ಬಾಯಿ ತೆರೆಸುವ ಮನುಷ್ಯ ತಾನೇ ಹಾಗೆ ನಿಂತದ್ದನ್ನು ನೋಡಿ ನನಗೆ ಪರಮಾನಂದವಾಯಿತು. “ಇವತ್ತೇನೋ ಇವಳಿದ್ಲು. ನಾಳೆ?” ಎಂದು ಒಂದು ಕೊನೆಯ ಬಾಣ ಬಿಟ್ಟರು. “ನಾಳೆನೂ ನಾನು ಇಲ್ಲೇ ಇರ್ತೀನಿ, ಎಲ್ಲಿಗೆ ಹೋಗ್ಲಿ?” ಎಂದೆ. ಅಷ್ಟಕ್ಕೆ ಮಾತು ಮುಗಿಯಿತು. ಆ ಹಲಗೆ ಈಗ ಕ್ಲಿನಿಕ್ಕಿನ ಹೊರಕೋಣೆಯಲ್ಲಿದೆ, ಹಲ್ಲುನೋವಿನವರಿಗೆ ಬಣ್ಣದ ಮೀನು ತೋರಿಸುತ್ತಾ ಸುಖವಾಗಿದೆ.

ನಿಮಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡ ಒಂದು ಸಂಗತಿ ಇದೆ, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ. ಮರುದಿನ ಬೆಳಿಗ್ಗೆ ನಿಮ್ಮ ಮಗ ಡಾಕ್ಟರಿಗೆ ಫೋನ್ ಮಾಡಿ ಅಮ್ಮ ಎಷ್ಟು ಎತ್ತರದಲ್ಲಿ ಪರದೆ ಇಟ್ಟುಕೊಂಡರೆ ಕತ್ತು ನೋಯುವುದಿಲ್ಲ ಎಂದು ಕೇಳಿದರು. ಆಮೇಲೆ ತಮ್ಮ ದಂತಶಾಸ್ತ್ರದ ಎರಡು ದಪ್ಪ ಪುಸ್ತಕ ತಂದು ಪರದೆಯ ಕೆಳಗೆ ಇಟ್ಟರು. ಕೂತು ನೋಡಿದರು, ಎದ್ದು ನೋಡಿದರು, ಒಂದು ಪುಸ್ತಕ ತೆಗೆದು ಇನ್ನೂ ದಪ್ಪದ್ದನ್ನು ತಂದರು. ಓದುವ ಕಾಲದಲ್ಲಿ ಆ ಪುಸ್ತಕಗಳಿಂದ ಇಷ್ಟು ಉಪಯೋಗವಾಗಿತ್ತೋ ಇಲ್ಲವೋ.

ಡಾಕ್ಟರು ಕಣ್ಣಿನ ಪರದೆ ಗಟ್ಟಿಯಾಗಿ ಕೂತಿದೆ ಎಂದಿದ್ದಾರೆ. ಗುಳ್ಳೆ ಕರಗುತ್ತಾ ಹೋದಂತೆ ಬೆಳಕು ಮೇಲಿನಿಂದ ಇಳಿದು ಬರುತ್ತದಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಮಾಡಿದವರಿಗೆ ಇಬ್ಬರೂ ಒಂದೇ ಕೀಲಿಮಣೆಗೆ ಕಾಯುವ ಕಾಲದ ಕಲ್ಪನೆ ಇದ್ದಂತಿಲ್ಲ. ಏಕೆಂದರೆ, ಹೇಳಲು ಸ್ವಲ್ಪ ನಾಚಿಕೆ, ಈ ಪತ್ರವನ್ನು ನಾನು ನಿಮ್ಮ ಯಂತ್ರದಲ್ಲೇ, ನಿಮ್ಮ ಕುರ್ಚಿಯಲ್ಲೇ ಕೂತು, ಆ ಎರಡಕ್ಷರದ ಮುದಿ ಸಾಧನದಲ್ಲೇ ಸಾಲು ಸಾಲಾಗಿ ಬರೆದಿದ್ದೇನೆ. ಅದು ನನಗೆ ಇಪ್ಪತ್ತು ಸಲವಾದರೂ ಪ್ರಶ್ನೆ ಗುರುತು ತೋರಿಸಿತು. ಒಂದು ಸಲವೂ ಬೇಜಾರಾಗಲಿಲ್ಲ.

ನಿಮ್ಮ ಎರಡು ಕಣ್ಣೂ ತಂಪಾಗಿರಲಿ, ಹತ್ತು ಬೆರಳೂ ಚುರುಕಾಗಿರಲಿ, ಕೆಡಿಸಲು ಏನಾದರೊಂದು ಸದಾ ಇರಲಿ. ಒಂದು ಚಿಕ್ಕ ಉಪಕಾರ ಮಾತ್ರ ಮಾಡಿ. ನೀವು ಲಿನಕ್ಸ್ ಬಿಟ್ಟು ಬಿಎಸ್‌ಡಿಗೆ ಪೂರ್ತಿ ಹೊರಡುವ ದಿನ, ಅಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರಿಗೂ ಒಂದು ಖಾತೆ ತೆರೆಯಿರಿ. ಪಾಸ್‌ವರ್ಡನ್ನು ನಾನೇ ಬಂದು ಹಾಕುತ್ತೇನೆ, ನೀವು ಆಗ ಕಿವಿ ಮುಚ್ಚಿಕೊಂಡರೆ ಸಾಕು.

ಪಕ್ಕದ ಕೋಣೆಯಿಂದ, ಪ್ರೀತಿಯಿಂದ,
ನಿಮ್ಮ ಸೊಸೆ